ಟರ್ಬೊ ಆಮೇಲೆ, ಮೊದಲು ರೋಲ್ ಕೇಜ್

ಅಮೆರಿಕದ ಯೂಟಾದಲ್ಲಿರೋ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ವೇಗದ ಓಟಕ್ಕೆ ಓಡಿಸಲು ಮನೆಯಲ್ಲೇ ಕಾರು ಕಟ್ಟುತ್ತಿದ್ದೇನೆ, ಇರೋ ದುಡ್ಡನ್ನು ಮೊದಲು ಎಂಜಿನ್ ಶಕ್ತಿ ಏರಿಸೋ ಟರ್ಬೊಗೆ ಹಾಕಲಾ ಅಂತ ಕೇಳಿದ್ದೀರಿ. ಬೇಡ. ಮೊದಲು ಅಲ್ಲಿ ವೇಗದ ಓಟ ನಡೆಸೋ ಸಂಸ್ಥೆಯಾದ ಎಸ್‌ಸಿಟಿಎಯ ನಿಯಮದ ಪುಸ್ತಕ ತರಿಸಿಕೊಳ್ಳಿ, ನಿಮ್ಮ ಕಾರು ಯಾವ ಕ್ಲಾಸಿಗೆ ಸೇರುತ್ತದೆ ನೋಡಿ, ಆಮೇಲೆ ರೋಲ್ ಕೇಜ್‌ಗೆ (ಕಾರು ಮಗುಚಿದರೆ ಚಾಲಕರನ್ನು ಕಾಯೋ ಪೈಪಿನ ಚೌಕಟ್ಟು) ಪೈಪ್ ಕತ್ತರಿಸಿ. ರೋಲ್ ಕೇಜ್ ಪೈಪಿನ ದಪ್ಪ ನಿಯಮಕ್ಕಿಂತ ಕಡಿಮೆಯಿದ್ದರೆ ತಪಾಸಣೆಯಲ್ಲೇ ನಿಲ್ಲಿಸುತ್ತಾರೆ.

ಇನ್ನು ವೇಗದ ಲೆಕ್ಕ. ಗಾಳಿಯನ್ನು ಸೀಳೋಕೆ ಬೇಕಾದ ಶಕ್ತಿ ವೇಗದ ಘನದಂತೆ ಏರುತ್ತದೆ. ಗಂಟೆಗೆ 120 ಮೈಲಿಯಿಂದ 150ಕ್ಕೆ ಹೋಗಬೇಕೆಂದರೆ ಹೆಚ್ಚುಕಡಿಮೆ ಎರಡರಷ್ಟು ಹಾರ್ಸ್‌ಪವರ್ ಬೇಕು. ಅದಕ್ಕಿಂತ ಕಾರಿನ ಮೈ ಕಿರಿದು ಮಾಡೋದು ಅಗ್ಗ ಅಲ್ವಾ? 1946ರಲ್ಲಿ ವೇಗದ ಕಾರು ಕಟ್ಟುತ್ತಿದ್ದ ಅಮೆರಿಕದ ಬಿಲ್ ಬರ್ಕ್ ಯುದ್ಧವಿಮಾನದ ಹೊರಗೆ ತೂಗುಹಾಕುತ್ತಿದ್ದ ಪೆಟ್ರೋಲ್ ಟ್ಯಾಂಕನ್ನೇ ಕಾರಿನ ಮೈ ಮಾಡಿಕೊಂಡರು. ಯುದ್ಧ ಮುಗಿದ ಮೇಲೆ ಉಳಿದುಹೋದ ಮಾಲು, ಆದರೆ ಆಕಾರ ಗಾಳಿಗೆ ಹೇಳಿ ಮಾಡಿಸಿದ್ದು.

ತೂಕ ಇಳಿಸೋಕೆ ಸುಮ್ನೆ ದುಡ್ಡು ಸುರಿಯಬೇಡಿ. ಉಪ್ಪಿನ ಮೇಲೆ ಚಕ್ರ ಜಾರುತ್ತದೆ, ಅದಕ್ಕೇ ಎಷ್ಟೋ ಜನ ಬೇಕಂತಲೇ ಭಾರ ತುಂಬುತ್ತಾರೆ. ಟೈರು, ಹೆಲ್ಮೆಟ್, ಬೆಂಕಿ ಆರಿಸೋ ವ್ಯವಸ್ಥೆ, ಇವುಗಳಲ್ಲಿ ಮಾತ್ರ ಚೌಕಾಸಿ ಬೇಡವೇ ಬೇಡ. ಹೊಸಬರು ಈ ಓಟದ ಲೈಸೆನ್ಸ್‌ಗಾಗಿ ಹೇಗೂ ಹಂತ ಹಂತವಾಗಿಯೇ ವೇಗ ಏರಿಸಬೇಕು. ಮೊದಲ ವರ್ಷಕ್ಕೆ ಇರೋ ಎಂಜಿನ್ನೇ ಸಾಕು.