ಲೆಟ್ಯೂಸ್ ಬಕೆಟ್‌ನಲ್ಲಿ ಇಸಿ ಏರುತ್ತಿದ್ದರೆ

ನಮಸ್ಕಾರ. ಮನೆಯೊಳಗೆ ಮಣ್ಣಿಲ್ಲದೆ ನೀರಿನಲ್ಲೇ ಲೆಟ್ಯೂಸ್ ಬೆಳೆಸುವ ಬಕೆಟ್‌ನಲ್ಲಿ ನೀರು ಇಳಿದಾಗಲೆಲ್ಲ ಗೊಬ್ಬರ ಬೆರೆಸಿದ ನೀರನ್ನೇ ತುಂಬುತ್ತೀರಿ, ಇಸಿ (ನೀರಿನಲ್ಲಿ ಕರಗಿದ ಗೊಬ್ಬರ, ಲವಣ ಎಷ್ಟೆಂದು ತಿಳಿಸುವ ಅಳತೆ) ಮೀಟರ್ ಈಗ 2.4 ತೋರಿಸುತ್ತಿದೆ, ಲೆಟ್ಯೂಸ್ ಎಲೆಯ ಅಂಚು ಸುಡುತ್ತಿದೆ ಎಂದು ಕೇಳಿದ್ದೀರಿ.

ತೊಂದರೆ ಇರುವುದು ತುಂಬುವ ರೀತಿಯಲ್ಲೇ. ನೀರು ಇಳಿದು ಇಸಿ ಏರಿದರೆ ಗಿಡ ಗೊಬ್ಬರಕ್ಕಿಂತ ನೀರನ್ನೇ ಜಾಸ್ತಿ ಕುಡಿದಿದೆ ಎಂದರ್ಥ. ಆಗ ಬರೀ ನೀರು ಸೇರಿಸಿ. ಇಸಿಯೂ ಇಳಿದಿದ್ದರೆ ಮಾತ್ರ ಗೊಬ್ಬರ. ಲೆಟ್ಯೂಸ್‌ಗೆ 0.8ರಿಂದ 1.2 ಸಾಕು. 2.4 ಟೊಮೆಟೊಗೆ ಸರಿ, ಇದಕ್ಕೆ ಬಹಳ ಖಾರವಾಯಿತು.

ಆದರೆ ನಿಮ್ಮ ಗದಗದ ಬೋರ್ ನೀರೇ 0.9 ಇದೆ ಅಂದಿರಿ. ಅದನ್ನು ಎಷ್ಟು ಸುರಿದರೂ 0.9ಕ್ಕಿಂತ ಕೆಳಗೆ ಬರುವುದಿಲ್ಲ, ಅಲ್ವಾ? ಬೋರ್ ನೀರಿನ ಇಸಿ ಹೆಚ್ಚಾಗಿ ಸುಣ್ಣ, ಉಪ್ಪಿನ ಅಂಶದ್ದು. ಗಿಡಕ್ಕೆ ಬೇಕಾದ ಸಾರಜನಕ, ಪೊಟ್ಯಾಷ್ ಅದರಲ್ಲಿ ಸಾಲುವುದಿಲ್ಲ. ಮೀಟರ್‌ಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಒಟ್ಟು ಲವಣ ಮಾತ್ರ ತೋರಿಸುತ್ತದೆ. ಹತ್ತಿರದ ಶುದ್ಧ ಕುಡಿಯುವ ನೀರಿನ ಘಟಕದಿಂದ ಒಂದು ಕ್ಯಾನ್ ತನ್ನಿ, ಅದರ ಇಸಿಯನ್ನೂ ನೋಡಿ. ಅದು ಸೊನ್ನೆಗೆ ಹತ್ತಿರವಿದ್ದರೆ, ಬಕೆಟ್‌ನ ಅರ್ಧ ನೀರು ತೆಗೆದು ಅಷ್ಟೇ ತುಂಬಿ, 1.2ರ ಆಸುಪಾಸು ಬರುತ್ತದೆ. ತೆಗೆದದ್ದನ್ನು ಸುಮ್ನೆ ಚೆಲ್ಲಬೇಡಿ, ಇನ್ನಷ್ಟು ನೀರು ಬೆರೆಸಿ ಕುಂಡದ ಗಿಡಗಳಿಗೆ ಹಾಕಿ.

ಎರಡು ವಾರಕ್ಕೊಮ್ಮೆ ಪೂರ್ತಿ ನೀರು ಬದಲಿಸಿ. ಪಿಎಚ್ (ನೀರಿನ ಹುಳಿ-ಕ್ಷಾರದ ಮಟ್ಟ) 5.5ರಿಂದ 6.5ರೊಳಗಿರಲಿ.

ಸುಟ್ಟ ಅಂಚು ಮತ್ತೆ ಹಸಿರಾಗುವುದಿಲ್ಲ, ಹೊಸ ಎಲೆಗಳನ್ನು ಗಮನಿಸಿ. ಸುಳಿಯ ಎಲೆ ಇನ್ನೂ ಸುಡುತ್ತಿದ್ದರೆ ಸಣ್ಣ ಫ್ಯಾನ್ ಹಚ್ಚಿ. ಗಾಳಿ ಆಡದಿದ್ದರೆ ಎಳೆ ಎಲೆಗೆ ಕ್ಯಾಲ್ಸಿಯಂ ಸರಿಯಾಗಿ ತಲುಪುವುದಿಲ್ಲ.