ಗದರುವ ಮೊದಲು ಒಂದು ವಾರ ನಿಂತು ನೋಡಿ
ರೇಷ್ಮೆಗೂಡಿನಿಂದ ನೂಲು ತೆಗೆಯುವ ನಿಮ್ಮ ಬಿಚ್ಚಾಣಿಕೆ ಘಟಕದಲ್ಲಿ ಎಳೆ ಪದೇ ಪದೇ ತುಂಡಾಗುತ್ತಿದೆ, ಹಿರಿಯ ಹೆಂಗಸರನ್ನು ಗದರಬೇಕೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಶಿಡ್ಲಘಟ್ಟದಲ್ಲಿ ನಾನೂ ಇದೇ ಮೇಲ್ವಿಚಾರಣೆ ಮಾಡಿದವನು. ಒಂದು ವಾರ ಅವರ ಪಕ್ಕದಲ್ಲಿ ಸುಮ್ಮನೆ ನಿಂತು ನೋಡಿ. ಬಿಸಿನೀರಿನಲ್ಲಿ ನೆನೆದು ಬಿಳಿಚಿದ ಬೆರಳುಗಳು ಎಳೆಯ ತುದಿ ಹುಡುಕುವ ರೀತಿಯೇ ಬಹಳಷ್ಟು ಹೇಳುತ್ತದೆ. ಆಮೇಲೆ, "ಅಕ್ಕಾ, ಇವತ್ತಿನ ಗೂಡು ಹೇಗಿದೆ?" ಎಂದು ಕೇಳಿ.

ನಾನು ಹಾಗೆ ಕೇಳಿದ ದಿನ ಒಬ್ಬರು ನನ್ನ ಅಂಗೈಗೆ ಗೂಡೊಂದನ್ನು ಹಾಕಿ, "ಒತ್ತಿ ನೋಡಪ್ಪ" ಎಂದರು. ಮೆತ್ತಗಿತ್ತು. ಮಳೆಗಾಲದ ತೇವದಲ್ಲಿ ಕಟ್ಟಿದ ಗೂಡು ಸಲೀಸಾಗಿ ಬಿಚ್ಚುವುದಿಲ್ಲ. ಅದನ್ನು ಕೊಂಡವನು ನಾನೇ. ತಪ್ಪು ನನ್ನದೆಂದು ಎಲ್ಲರೆದುರು ಹೇಳಿದೆ. (ಜಪಾನಿನ ಸಕಿಚಿ ಟೊಯೊಡಾ ಅವರ 1924ರ ಮಗ್ಗ, ಎಳೆ ತುಂಡಾದೊಡನೆ ತಾನೇ ನಿಲ್ಲುತ್ತಿತ್ತು. ನಾವು ಮನುಷ್ಯರು ನಿಲ್ಲದೆ ಕೂಗುತ್ತೇವೆ.) ಮರುದಿನದಿಂದ ಗೂಡಿನ ಮಾರುಕಟ್ಟೆಗೆ ಆ ಅಕ್ಕನನ್ನೂ ಕರೆದುಕೊಂಡು ಹೋಗತೊಡಗಿದೆ.