ಎರಡನೇ ಮಹಾಯುದ್ಧದಲ್ಲಿ ಭಾರತದ ಸೈನ್ಯ ಸೇರಿದ್ದ ಮಹಿಳೆಯರು ಯುದ್ಧ ಮುಗಿದ ಮೇಲೆ ಏಕೆ ಮುಂದುವರಿಯಲಿಲ್ಲ?

ಅವರಲ್ಲಿ ಬಹುಪಾಲು ಮಂದಿಯನ್ನು ಸೇರಿಸಿಕೊಂಡ ದಳವೇ ಯುದ್ಧಕಾಲಕ್ಕೆಂದು ಹುಟ್ಟಿದ್ದು, ಅದಕ್ಕೆ. 1942ರಲ್ಲಿ ಆರಂಭವಾದ ಮಹಿಳಾ ಸಹಾಯಕ ದಳವು ಟೈಪಿಂಗ್, ಟೆಲಿಫೋನ್ ಸ್ವಿಚ್‌ಬೋರ್ಡ್, ವಾಹನ ಚಾಲನೆಯಂಥ ಕೆಲಸಗಳಿಗೆ ಹೆಂಗಸರನ್ನು ನೇಮಿಸಿ, ಅಲ್ಲಿದ್ದ ಗಂಡಸರನ್ನು ರಣರಂಗಕ್ಕೆ ಕಳುಹಿಸಲು ಅನುವು ಮಾಡಿಕೊಟ್ಟಿತು. ಯುದ್ಧ ಮುಗಿದು ಆ ಅಗತ್ಯ ತೀರಿದ ಮೇಲೆ, 1947ರಲ್ಲಿ ದಳವನ್ನೇ ವಿಸರ್ಜಿಸಲಾಯಿತು. ಮಂಗಳೂರಿನಲ್ಲಿ ನಮ್ಮ ನೆರೆಯ ಹಂಚಿನ ಮನೆಯ ಅಜ್ಜಿಯೊಬ್ಬರ ಟ್ರಂಕಿನಲ್ಲಿ, ಖಾಕಿ ಸೀರೆಯುಟ್ಟು ಭುಜಪಟ್ಟಿ ಧರಿಸಿ ನಿಂತ ಅವರ ಫೋಟೊ ಇತ್ತು. ಸೈನ್ಯ ಬಿಟ್ಟ ಮೇಲೆ ಅವರ ಕೈ ಹಿಡಿದದ್ದು ಅಲ್ಲಿ ಕಲಿತ ಟೈಪಿಂಗ್ ಮಾತ್ರ. ಮರಳಿ ಸೇರೋಣವೆಂದರೆ, 1950ರ ಸೇನಾ ಕಾಯ್ದೆಯ 12ನೇ ಸೆಕ್ಷನ್, ಕೇಂದ್ರ ಸರಕಾರ ಗೊತ್ತುಪಡಿಸಿದ ವಿಭಾಗಗಳ ಹೊರತು ಮಹಿಳೆಯರ ನೇಮಕಾತಿಯನ್ನೇ ತಡೆಯಿತು. ವೈದ್ಯಕೀಯ, ಶುಶ್ರೂಷಾ ಸೇವೆಗಳಾಚೆ ಮಹಿಳಾ ಅಧಿಕಾರಿಗಳಿಗೆ ಬಾಗಿಲು ತೆರೆದದ್ದು 1992ರಲ್ಲಿ.